ಮೂರನೇ ಕೂಗು

ದೀಪ ಸಣ್ಣದು ಮಾಡಿ, ಹೇಳ್ತೀನಿ. ಇದು ನಮ್ಮ ಪಕ್ಕದ ಮನೆ ವಕೀಲರಿಗೆ ಆದದ್ದು. ಕಟ್ಟುಕತೆ ಅಲ್ಲ.

ಆವತ್ತು ಆಫೀಸಿಗೆ ಬೀಗ ಹಾಕುವಾಗ ರಾತ್ರಿ ಹತ್ತು ದಾಟಿತ್ತು. ಹಳೇ ಬಾವಿ ಪಕ್ಕದ ದಾರಿ. ಜೇಬಿನಲ್ಲಿ ಬೀಗದಕೈ ಝಲ್ ಝಲ್... ತಲೆಯೊಳಗೆ ಒಂದೇ ಕೇಸು. ಇಪ್ಪತ್ತೊಂಬತ್ತು ದಿನದಿಂದ ಹೀಗೇ.

ಅವರ ಕಕ್ಷಿದಾರಳು ಬಟ್ಟೆ ಹೊಲಿಯುವ ಒಬ್ಬ ಮುದುಕಿ. ಇದ್ದ ಒಂದೇ ಕೋಣೆ ಉಳಿಸಿಕೊಳ್ಳಲು ಕೋರ್ಟಿಗೆ ಬಂದಿದ್ದಳು. "ಹೆಸರು ಕೂಗಿದಾಗ ನೀವು ಬಾಯಿ ಬಿಡಬೇಡಿ ಅಮ್ಮ, ನಾನಿದ್ದೀನಿ" ಅಂದಿದ್ದರು ವಕೀಲರು. ಕೋರ್ಟಿನ ಜವಾನ ಮೂರು ಸಲ ಕೂಗಿದ. ವಕೀಲರು ಕ್ಯಾಂಟೀನಿನಲ್ಲಿ ಹರಟೆ ಹೊಡೆಯುತ್ತಿದ್ದರು. ಮುದುಕಿ ಬಾಗಿಲಲ್ಲೇ ನಿಂತಿದ್ದಳು, ತುಟಿ ಮೇಲೆ ಬೆರಳಿಟ್ಟುಕೊಂಡು. ಯಾರೂ ಹಾಜರಿಲ್ಲ ಅಂತ ಕೇಸು ವಜಾ ಆಯಿತು.

"ಮುಂದಿನ ತಾರೀಖು ಕೊಟ್ಟಿದ್ದಾರೆ ಅಮ್ಮ" ಅಂತ ಸುಳ್ಳು ಹೇಳಿ ಕಳಿಸಿದರು. ಮೂವತ್ತು ದಿನದೊಳಗೆ ತಪ್ಪು ಒಪ್ಪಿಕೊಂಡು ಅರ್ಜಿ ಹಾಕಿದರೆ ಕೇಸಿಗೆ ಮತ್ತೆ ಜೀವ ಬರುತ್ತದೆ. ಆದರೆ ಊರಿಗೆಲ್ಲ ಬುದ್ಧಿ ಹೇಳೋರಿಗೆ ಮರ್ಯಾದೆ ಅಂತ ಒಂದಿರುತ್ತಲ್ಲ... ನಾಳೆ ಕೊನೇ ದಿನ.

ಬಾವಿ ಹತ್ತಿರ ಬಂದರು. ರಾಟೆ ಕಿರ್... ಅಂತು. ಗಾಳಿ ಇರಲಿಲ್ಲ. ಆಮೇಲೆ, ಬಾವಿಯ ಒಳಗಿಂದ... ಜವಾನನ ದನಿ. ಮುದುಕಿಯ ಹೆಸರು ಕೂಗುತ್ತಿತ್ತು.

ವಕೀಲರು ತಿರುಗಿ ನೋಡಿದರು. ಕಟ್ಟೆ ಮೇಲೆ ಯಾರೋ ಕೂತಿದ್ದರು. ಅವಳೇ. ತುಟಿ ಮೇಲೆ ಬೆರಳು.

ಎರಡನೇ ಕೂಗು.

"ಅಮ್ಮಾ... ನೀವೇ ಓ ಅನ್ನಿ" ಅಂತ ವಕೀಲರು ಪಿಸುಗುಟ್ಟಿದರು.

"ನೀವೇ ಬೇಡ ಅಂದಿದ್ರಲ್ಲ ಸಾರ್." ಬೆರಳು ಸರಿಸದೆಯೇ ಅಂದಳು.

ಕೆಳಗೆ ನೀರು ಗುಳುಂ... ಅಂತು. ಮೂರನೇ ಕೂಗು ಶುರುವಾಯಿತು. ಅದು ಮುಗಿಯೋದರೊಳಗೆ ವಕೀಲರು ಗಂಟಲು ಹರಿಯುವ ಹಾಗೆ "ಹಾಜರಿದ್ದೀವಿ ಸ್ವಾಮೀ" ಅಂತ ಕೂಗಿಬಿಟ್ಟರು.

ಕಟ್ಟೆ ಖಾಲಿ. ರಸ್ತೆ ಕೊನೆಯ ಗಡಿಯಾರ ಟಣ್... ಅಂತ ಒಂದೇ ಸಲ ಬಡಿಯಿತು. ಹತ್ತೂವರೆ.

ರಾತ್ರಿಯೆಲ್ಲ ಕೂತು ಅರ್ಜಿ ಬರೆದರು. ನಾನು ಕ್ಯಾಂಟೀನಿನಲ್ಲಿದ್ದೆ, ತಪ್ಪು ನನ್ನದು ಅಂತ. ಬೆಳಿಗ್ಗೆ ಮುದುಕಿಯ ಸಹಿಗೆ ಹೋದರೆ, ಬಾಗಿಲಲ್ಲಿ ಜನ. ಅವಳ ಮಗಳು ಹೊರಗೆ ಬಂದಳು.

"ಅಮ್ಮ ನಿನ್ನೆ ಸಂಜೆ ಆರಕ್ಕೇ ಹೋಗಿಬಿಟ್ಲು ಸಾರ್."

ವಕೀಲರು ಅರ್ಜಿಯನ್ನ ಅವಳಿಗೆ ಓದಿ ಹೇಳಿದರು. ವಾರಸುದಾರಳಾಗಿ ಮಗಳೇ ಸಹಿ ಹಾಕಿದಳು. ಕೇಸು ಮತ್ತೆ ನಡೆಯಿತು, ಕೋಣೆ ಉಳಿಯಿತು. ಈಗ ಆ ಮಗಳು ಅಲ್ಲೇ ಕೂತು ಹೊಲಿಯುತ್ತಾಳೆ. ನನ್ನ ಮೈಮೇಲಿರೋ ಅಂಗಿ ಅವಳದೇ ಕೈಕೆಲಸ, ಬೇಕಾದರೆ ಹೋಗಿ ಕೇಳಿ. ಅಳತೆ ತಗೊಳ್ಳುವಾಗ ತಾನಾಗೇ ಹೇಳಿದಳು...

"ಅಮ್ಮನ ಬೆರಳು ತುಟಿ ಮೇಲೇ ಇತ್ತಣ್ಣ. ಎಷ್ಟು ಎಳೆದ್ರೂ ಬರಲಿಲ್ಲ. ರಾತ್ರಿ ಹತ್ತೂವರೆಗೆ ತಾನಾಗೇ ಕೆಳಗಿಳೀತು."