ಅಜ್ಜಿ ಸುಮ್ಮನಿದ್ದರು

ಪರದೇಶದ ಬಸ್ ಸ್ಟಾಪಿನ ಸಾಲಿನಲ್ಲಿ, ನನ್ನ ಮುಂದೆಯೇ ಕನ್ನಡ ಕೇಳಿಸಿತು. ಅಲ್ಲಿಗೆ ಓದಲು ಬಂದ ಹುಡುಗ, ಜೊತೆಗೆ ಹಣ್ಣಿನ ಚೀಲ ಹಿಡಿದ ಅವನ ಅಕ್ಕ.

“ಆ ಮೂಲನಿವಾಸಿ ಅಜ್ಜಿ ಹಾಡನ್ನ ಹೇಳದೆ ಕೇಳದೆ ರೆಕಾರ್ಡ್ ಮಾಡಿದ್ಯೇನೋ?”

“ಮಾಡ್ಕೊಳ್ಳಲಾ ಅಂತ ಕೇಳಿದ್ದೆ ಕಣೇ. ಸುಮ್ಮನಿದ್ರು. ಮೌನಂ ಸಮ್ಮತಿ ಲಕ್ಷಣಂ ಅಲ್ವಾ?”

“ಅದು ನಮ್ಮ ಮಾತು ಕಣೋ, ಅವರದ್ದಲ್ಲ.”

“ಏನು ಕೇಳಿದ್ರೂ ಬೇಡ ಅನ್ನದ ಜನ ಅಂದ್ಕೊಂಡಿದ್ದೆ. ಮನೆಗೆ ಬಂದವರಿಗೆ ಬಾಯಿಬಿಟ್ಟು ಹೇಳಬಾರದು ಅಂತ, ಬೇಡ ಅನ್ನೋ ಬದಲು ಸುಮ್ಮನಾಗ್ತಾರಂತೆ. ನನ್ನ ಕ್ಲಾಸಲ್ಲೇ ಇರೋ ಅವರ ಮೊಮ್ಮಗಳು ಆಮೇಲೆ ಹೇಳಿದ್ಳು.”

“ಯಾವಾಗ?”

“ನಾನು ಕ್ಲಾಸಲ್ಲಿ ಎಲ್ಲರ ಮುಂದೆ ಹಾಕಿದ್ಮೇಲೆ. ಜೋಗುಳ ಅಂದಿದ್ದೆ. ತೀರಿಹೋದ ತಮ್ಮ ಮಗನಿಗೆ ಅಜ್ಜಿ ಹಾಡೋದಂತೆ ಅದು. ಅವಳು ಎದ್ದು ಹೊರಟುಹೋದ್ಳು.”

“ಅಯ್ಯೋ ನಿನ್ನ! ಆ ರೆಕಾರ್ಡಿಂಗ್ ಅಳಿಸಿಹಾಕಿದ್ಯಾ?”

“ಅವತ್ತೇ.”

“ಸರಿ, ಹೋಗಿ ತಪ್ಪಾಯ್ತು ಅನ್ನು. ನಾವು ಬರ್ತಿರೋದು ಹೇಳಿದ್ದೀಯ ತಾನೆ?”

“ಈಗ ಫೋನ್ ಮಾಡಿದ್ನಲ್ಲ, ಅಜ್ಜಿನೇ ಎತ್ತಿದ್ರು. ಬರಬಹುದಾ ಅಂತ ಕೇಳಿದೆ.”

“ಏನಂದ್ರು?”

ಬಸ್ಸು ಬಂದು ಬಾಗಿಲು ತೆರೆಯಿತು. ಹುಡುಗ ಹತ್ತಲಿಲ್ಲ.

“ಸುಮ್ಮನಿದ್ರು ಕಣೇ.”

ಅಕ್ಕ ಹಣ್ಣಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಇಬ್ಬರೂ ಸಾಲು ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದರು.