ಹೆಬ್ಬೆರಳಿನ ಗುಳಿ

ಮಕ್ಕಳ ಆಸ್ಪತ್ರೆಯ ತೂಕದ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲಿದ್ದ ಗಂಡುಮಗುವಿನ ಕೈಕಾಲು ಕಡ್ಡಿಯಂತಿದ್ದವು.

"ಬರೋವಾಗ ಗುಂಡುಕಲ್ಲಿನ ಹಾಗಿದ್ದ. ಈ ಆಸ್ಪತ್ರೆಯೋರು ಒಣಗಿಸಿಬಿಟ್ರು. ನಡಿ, ಮನೆಗೆ ಹೋಗೋಣ," ಎಂದರು ಅತ್ತೆ.

"ಅದು ಮೈಯಲ್ಲ ಅತ್ತೆ, ಬಾವು. ಊಟ ಸಾಲದೆ ನೀರು ತುಂಬ್ಕೊಂಡಿತ್ತು. ಈಗ ಇಳೀತಿದೆ. ಅವತ್ತು ಡಾಕ್ಟರಮ್ಮ ಪಾದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳೀಲಿಲ್ವಾ?"

"ಅಷ್ಟು ಜೋರಾಗಿ ಒತ್ತಿದ್ರೆ ಗೋಡೇಲೂ ಗುಳಿ ಬೀಳತ್ತೆ."

"ಕೂದ್ಲು ಕೆಂಚಗಾಗಿದ್ದು?"

"ಅದು ನಿಮ್ಮಪ್ಪನ ಕಡೇದು."

"ನಮ್ಮಪ್ಪಂಗೆ ಕೂದ್ಲೇ ಇಲ್ವಲ್ಲ."

"ಅದಕ್ಕೇ ಮೊದ್ಲೇ ಗೊತ್ತಾಗ್ಲಿಲ್ಲ."

"ತುತ್ತು ಹಿಡಿದ್ರೆ ಬಾಯಿ ತೆರೀತಿರ್ಲಿಲ್ಲ. ಅಳ್ತಾನೂ ಇರ್ಲಿಲ್ಲ."

"ಹಠವೇ ಇಲ್ಲ, ಬಂಗಾರದಂಥ ಮಗು ಅಂತ ಬೀದಿಯೆಲ್ಲ ಹೇಳ್ತಿತ್ತು."

"ನಾನೂ ಹಾಗೇ ಹೇಳ್ತಿದ್ದೆ, ಅತ್ತೆ."

ಅತ್ತೆ ಮಗುವಿನ ಪಾದ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಬೆರಳು ತೆಗೆದು ನೋಡಿದರು. ಗುಳಿ ಬಿದ್ದಿರಲಿಲ್ಲ. ಮಗು ಮುಖ ಸಿಂಡರಿಸಿತು, ಅಜ್ಜಿಯ ಕೈಗೆ ಜಾಡಿಸಿ ಒದ್ದಿತು, ಸೂರು ಹಾರಿಹೋಗುವಂತೆ ಅರಚಿತು.

"ಒದ್ದ!"

"ಬೈಬೇಡಿ, ಅತ್ತೆ."

"ಬೈಯೋರ್ಯಾರೇ?"

ಒಳಗಿಂದ ನರ್ಸ್ ಕರೆದರು. ಅರಚುತ್ತಿದ್ದ ಮಗುವನ್ನು ಅತ್ತೆಯೇ ಎತ್ತಿ ಸೊಂಟಕ್ಕೇರಿಸಿಕೊಂಡರು.

"ಡಾಕ್ಟರಮ್ಮಂಗೂ ಒಂದು ಕೊಡೋ ಮರಿ. ಅವರೂ ನೋಡ್ಲಿ," ಎನ್ನುತ್ತ ಬಾಗಿಲು ದಾಟಿದರು.