ಕೂದಲು ಸರಿಮಾಡಿಕೊಂಡ ಹುಡುಗಿ

ವಿಶ್ವವಿದ್ಯಾಲಯದ ಲಿಫ್ಟ್ ಎಂದಿನಂತೆ ಮೇಲೆಲ್ಲೋ ನಿಂತುಬಿಟ್ಟಿತ್ತು. ನನ್ನ ಮುಂದೆ ಇಬ್ಬರು ಕಾಯುತ್ತಿದ್ದರು: ಒಬ್ಬರು ಹಿರಿಯ ಪ್ರೊಫೆಸರು, ಇನ್ನೊಬ್ಬಳು ಈಗಷ್ಟೇ ಪಾಠ ಮಾಡುವ ಕೆಲಸಕ್ಕೆ ಸೇರಿದ ಅವರ ಹಳೆಯ ಶಿಷ್ಯೆ.

“ನನ್ನ ಕ್ಲಾಸಿನ ವೀಡಿಯೊ ನೋಡಿದ್ರಾ ಸರ್?”

“ನೋಡ್ದೆ. ಹುಡುಗರ ಕೈಲಿ ಮೊಬೈಲಲ್ಲಿ ಉತ್ತರ ಒತ್ತಿಸೋದು, ಪರದೆ ಮೇಲೆ ತೋರಿಸೋದು, ಎಲ್ಲಾ ಚೆನ್ನಾಗಿದೆ.”

“ಆದ್ರೆ ಬಾಯಿಬಿಟ್ಟು ಹೇಳಿ ಅಂದ್ರೆ ಒಬ್ಬರೂ ಹೇಳಲ್ಲ.”

“ನೀನೆಲ್ಲಮ್ಮ ಬಿಡ್ತೀಯ? ಪ್ರಶ್ನೆ ಕೇಳಿ, ಅವರು ಉಸಿರೆಳ್ಕೊಳ್ಳೋದ್ರೊಳಗೆ ಉತ್ತರಾನೂ ನೀನೇ ಹೇಳ್ತೀಯ.”

“ಎಲ್ಲರೂ ಸುಮ್ನೆ ಕೂತ್ರೆ ಎದೆ ಡವಡವ ಅನ್ನುತ್ತೆ ಸರ್.”

“ಕೊನೇ ಬೆಂಚಿನ ಹುಡುಗಿ ಕೈ ಎತ್ತೋಕೆ ಹೋದ್ಲು, ನೋಡಿದ್ಯಾ?”

“ಇಲ್ವಲ್ಲ!”

“ಅಷ್ಟರಲ್ಲಿ ನೀನು ಉತ್ತರ ಹೇಳ್ಬಿಟ್ಟೆ. ಎತ್ತಿದ ಕೈಯಲ್ಲಿ ಕೂದಲು ಸರಿಮಾಡ್ಕೊಂಡು ಸುಮ್ಮನಾದ್ಲು.”

ಆಕೆಯ ಮುಖ ಸಪ್ಪಗಾಯಿತು.

“ಹಾಗಾದ್ರೆ ನಾಳೆ ಏನು ಮಾಡ್ತೀಯ?”

ಆಕೆ ಏನೋ ಹೇಳಲು ಕೈ ಎತ್ತಿದಳು.

“ನಾನು ಹೇಳ್ತೀನಿ ಕೇಳು. ಮೊದಲು...”

ಎತ್ತಿದ ಕೈ ಮೆಲ್ಲಗೆ ಕೂದಲಿಗೆ ಹೋಯಿತು. ಪ್ರೊಫೆಸರು ಅದನ್ನು ಕಂಡು ಗಕ್ಕನೆ ಮಾತು ನಿಲ್ಲಿಸಿದರು.

“ಬೇಡ. ನೀನೇ ಹೇಳಮ್ಮ.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಆಕೆ ಯೋಚಿಸುತ್ತಿದ್ದಳು. ಬಾಗಿಲು ಮುಚ್ಚುವವರೆಗೂ ಪ್ರೊಫೆಸರು ತುಟಿ ಬಿಗಿಹಿಡಿದು ಕಾಯುತ್ತಲೇ ಇದ್ದರು.